ಜಿಲ್ಲೆಗೆ ಎಂಬತ್ತು ಜಾಣರು

ಕೇಂದ್ರ ಸರ್ಕಾರದ ವಸತಿ ಶಾಲೆಯಾದ ಜವಾಹರ್ ನವೋದಯ ವಿದ್ಯಾಲಯವೊಂದರ ಆರನೇ ತರಗತಿಗೆ ಪ್ರವೇಶ ಪರೀಕ್ಷೆ ಬರೆದು ವರ್ಷಕ್ಕೆ ಸೇರುವ ಮಕ್ಕಳು ಹೆಚ್ಚೆಂದರೆ 80. ಕೊಡಗಿನಲ್ಲೂ 80, ಮೈಸೂರಿನಲ್ಲೂ 80. 2011ರ ಜನಗಣತಿಯಂತೆ ಕೊಡಗಿನ ಜನಸಂಖ್ಯೆ ಐದೂವರೆ ಲಕ್ಷ, ಮೈಸೂರು ಜಿಲ್ಲೆಯದು ಮೂವತ್ತು ಲಕ್ಷ. ಎರಡೂ ಕಡೆ ಜಾಣ ಮಕ್ಕಳು ಸಮಸಂಖ್ಯೆಯಲ್ಲಿ ಹುಟ್ಟುತ್ತಾರೆಂದು ಯಾರೂ ವಾದಿಸಲಾರರು. 80 ಎಂದರೆ ನಲವತ್ತರಂತೆ ಎರಡು ವಿಭಾಗ, ಹಾಸ್ಟೆಲಿನ ಮಂಚಗಳ ಲೆಕ್ಕ. ಫಲಿತಾಂಶ ಬಂದ ದಿನ ಮಾತ್ರ ಅದು ಬುದ್ಧಿಯ ಲೆಕ್ಕವಾಗಿಬಿಡುತ್ತದೆ. ಪಟ್ಟಿಯಲ್ಲಿ ಹೆಸರು ಬಂದ ಹುಡುಗಿ ಊರಿಗೆಲ್ಲ ಜಾಣೆ. ಒಂದೇ ಒಂದು ಪ್ರಶ್ನೆ, ಅಂದರೆ ಒಂದೂಕಾಲು ಅಂಕ, ಕೈತಪ್ಪಿ ಹೊರಗುಳಿದವಳ ಬಗ್ಗೆ ಊರು ಏನನ್ನುತ್ತದೆ ಎಂಬುದನ್ನು ಹಳ್ಳಿಯಲ್ಲಿ ಬೆಳೆದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಈ ಪರೀಕ್ಷೆಯ ಸುತ್ತ ಹಲವು ತಕರಾರುಗಳು ಒಂದಕ್ಕೊಂದು ಸಿಕ್ಕು ಹಾಕಿಕೊಂಡಿವೆ. ಕೋಚಿಂಗ್ ನಿಲ್ಲಬೇಕು ಎನ್ನುವವರಿದ್ದಾರೆ. ಗ್ರಾಮೀಣ ಸೀಟುಗಳು ನಿಜವಾದ ಗ್ರಾಮೀಣರಿಗೆ ಸಿಗುತ್ತಿಲ್ಲ ಎನ್ನುವವರಿದ್ದಾರೆ. ಹತ್ತು ವರ್ಷದ ಮಗುವಿಗೆ ಪ್ರವೇಶ ಪರೀಕ್ಷೆಯೇ ಸಲ್ಲದು ಎಂಬುದು ಕೆಲವರ ವಾದವಾದರೆ, ಇಂಥ ಶಾಲೆ ತಾಲ್ಲೂಕಿಗೊಂದು ಬೇಕೆಂಬುದು ಇನ್ನು ಕೆಲವರದು. ಎಲ್ಲರ ಮಾತಿನಲ್ಲೂ ಒಂದಿಷ್ಟು ಹುರುಳಿದೆ, ತೊಂದರೆ ಇರುವುದೇ ಅಲ್ಲಿ. ಗಂಟು ಬಿದ್ದದ್ದು ಎಲ್ಲಿ ಎಂದು ಹುಡುಕಲು ನೂರು ವರ್ಷ ಹಿಂದಕ್ಕೆ ಹೋಗಬೇಕು, ಆದರೆ ಅಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾಗಿಲ್ಲ.

1905ರಲ್ಲಿ ಪ್ಯಾರಿಸ್ಸಿನ ಆಲ್ಫ್ರೆಡ್ ಬಿನೆ ತನ್ನ ಸಹೋದ್ಯೋಗಿ ಸಿಮೊನ್ ಜೊತೆ ಮೊದಲ ಬುದ್ಧಿಪರೀಕ್ಷೆ ರೂಪಿಸಿದ್ದು ಶಾಲೆಯಲ್ಲಿ ಹಿಂದೆ ಬೀಳುವ ಮಕ್ಕಳನ್ನು ಗುರುತಿಸಲು. ಅಟ್ಲಾಂಟಿಕ್ ದಾಟುತ್ತಿದ್ದಂತೆ ಅದು ತಲೆಕೆಳಗಾಯಿತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಲೂಯಿಸ್ ಟರ್ಮನ್ 1916ರಲ್ಲಿ ಅದನ್ನು ಪರಿಷ್ಕರಿಸಿ, ಐದು ವರ್ಷಗಳ ಬಳಿಕ ಕ್ಯಾಲಿಫೋರ್ನಿಯಾದ ಮೇಧಾವಿ ಮಕ್ಕಳನ್ನು ಹೆಕ್ಕಲು ಬಳಸತೊಡಗಿದ. ಅವನ ಜರಡಿಯಲ್ಲಿ ನಿಲ್ಲದೆ ಕೆಳಗೆ ಬಿದ್ದ ಹುಡುಗರಲ್ಲಿ ವಿಲಿಯಂ ಶಾಕ್ಲಿ ಒಬ್ಬ. ಟ್ರಾನ್ಸಿಸ್ಟರ್ ಸಂಶೋಧನೆಗಾಗಿ 1956ರ ನೊಬೆಲ್ ಹಂಚಿಕೊಂಡವನು. ಜರಡಿಯಲ್ಲಿ ಉಳಿದ ಸಾವಿರದೈನೂರು ಚಿಲ್ಲರೆ ಮಕ್ಕಳಲ್ಲಿ ಒಬ್ಬರಿಗೂ ಆ ಪ್ರಶಸ್ತಿ ಬರಲಿಲ್ಲ. ಕನ್ನಡ ಮಕ್ಕಳಿಗೂ ಈ ಅಳತೆಗೋಲು ತಡವಾಗಿಯೇನೂ ತಲುಪಲಿಲ್ಲ. 1930ರ ದಶಕದಲ್ಲಿ ಧಾರವಾಡದಲ್ಲಿ ವಿ.ವಿ. ಕಾಮತ್ ಅವರು ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳಿಗಾಗಿ ಬಿನೆ ಪರೀಕ್ಷೆಯನ್ನು ಹೊಂದಿಸಿದರು. ‘ಬೆಳೆಯುವ ಸಿರಿ ಮೊಳಕೆಯಲ್ಲಿ’ ಎಂದು ಹೇಳಿಕೊಂಡು ಬಂದಿದ್ದ ನಾಡಿಗೆ ಮೊಳಕೆ ಅಳೆಯುವ ಕೋಲೂ ಸಿಕ್ಕಂತಾಯಿತು.

ಸ್ವಾತಂತ್ರ್ಯದ ನಂತರದ ಎರಡು ದಶಕಗಳಲ್ಲಿ ಸರ್ಕಾರದ ಮುಖ್ಯ ಚಿಂತೆ ಶಾಲೆ ಕಟ್ಟಿಸುವುದರ ಬಗ್ಗೆಯೇ ಇತ್ತು. ಅದರ ನಡುವೆಯೇ 1963ರಲ್ಲಿ ದೆಹಲಿಯೊಳಗೆ ಹತ್ತು ವಿದ್ಯಾರ್ಥಿವೇತನಗಳಿಂದ ಶುರುವಾದ ವಿಜ್ಞಾನ ಪ್ರತಿಭಾ ಶೋಧ ಮರುವರ್ಷ ದೇಶಕ್ಕೆಲ್ಲ ವಿಸ್ತರಿಸಿತು. ಮುಂದೆ ‘ಎನ್‌ಟಿಎಸ್‌ಇ’ (ರಾಷ್ಟ್ರೀಯ ಪ್ರತಿಭಾ ಶೋಧ ಪರೀಕ್ಷೆ) ಎಂದು ನಾವು ಕರೆದದ್ದು ಅದನ್ನೇ. ಅದೇ ಹೊತ್ತಿಗೆ, 1964ರಿಂದ 66ರವರೆಗೆ ಕೆಲಸ ಮಾಡಿದ ಕೊಠಾರಿ ಆಯೋಗ ಎಲ್ಲ ಮಕ್ಕಳೂ ತಮ್ಮ ನೆರೆಯ ಶಾಲೆಯಲ್ಲಿ ಒಟ್ಟಿಗೆ ಕಲಿಯಬೇಕು ಎಂದಿತು. ಪ್ರತಿಭೆಯನ್ನು ಹುಡುಕಿ ಪೋಷಿಸಬೇಕೆಂದೂ ಅದೇ ವರದಿ ಹೇಳಿತು. ಎರಡನ್ನೂ ಒಂದೇ ಕೊಠಡಿಯಲ್ಲಿ ಮಾಡುವುದು ಹೇಗೆ ಎಂಬ ಪ್ರಶ್ನೆ ಅಂದಿನಿಂದ ಇಂದಿನವರೆಗೆ ಹಾಗೆಯೇ ಉಳಿದಿದೆ.

1986ರ ರಾಷ್ಟ್ರೀಯ ಶಿಕ್ಷಣ ನೀತಿ ಆ ಪ್ರಶ್ನೆಗೆ ಉತ್ತರಿಸುವ ಬದಲು ಕೊಠಡಿಯನ್ನೇ ಬೇರೆ ಮಾಡಿತು. ರಾಜೀವ್ ಗಾಂಧಿ ಪ್ರಧಾನಿ, ಪಿ.ವಿ. ನರಸಿಂಹ ರಾವ್ ಶಿಕ್ಷಣದ ಹೊಣೆ ಹೊತ್ತ ಸಚಿವರು. ಹಳ್ಳಿಯ ಬುದ್ಧಿವಂತ ಮಗುವಿಗೆ ಹಣ ಅಡ್ಡಿಯಾಗಬಾರದು ಎಂಬ ಆಶಯದಿಂದ ಜಿಲ್ಲೆಗೊಂದು ವಸತಿ ಶಾಲೆ. ಹರಿಯಾಣದ ಝಜ್ಜರ್ ಮತ್ತು ಮಹಾರಾಷ್ಟ್ರದ ಅಮರಾವತಿಯಲ್ಲಿ ಮೊದಲ ಎರಡು ತೆರೆದವು. ಈಗ ದೇಶದಲ್ಲಿ 650ಕ್ಕೂ ಹೆಚ್ಚಿವೆ. ಹಿಂದಿ ಕಲಿಕೆಯ ಕಾರಣಕ್ಕೆ ತಮಿಳುನಾಡು ಅವುಗಳನ್ನು ಒಪ್ಪಲಿಲ್ಲ. ಕರ್ನಾಟಕ ಬೇಗನೆ ಒಪ್ಪಿತು: ಗಾಜನೂರು, ಗಾಳಿಬೀಡು, ಮುಡಿಪು, ಬಾಳೆಹೊನ್ನೂರು, ಕುಕನೂರು, ಆಲಮಟ್ಟಿ. ಎಷ್ಟೋ ಮನೆಗಳಲ್ಲಿ ಇವು ಊರಿನ ಹೆಸರುಗಳಾಗಿ ಉಳಿದಿಲ್ಲ. ‘ಮಗ ಗಾಜನೂರಿನಲ್ಲಿದ್ದಾನೆ’ ಎಂದರೆ ಸಾಕು, ಎದುರಿನವರಿಗೆ ಎಲ್ಲ ಅರ್ಥವಾಗುತ್ತದೆ.

ನಿಯಮಗಳು ಕಾಳಜಿಯಿಂದ ಬರೆದವು. ಕನಿಷ್ಠ ನಾಲ್ಕನೇ ಮೂರು ಭಾಗ ಸೀಟು ಗ್ರಾಮೀಣ ಮಕ್ಕಳಿಗೆ. ಮೂರನೇ ಒಂದು ಭಾಗ ಹುಡುಗಿಯರಿಗೆ. ಪರಿಶಿಷ್ಟರಿಗೆ ಜಿಲ್ಲೆಯ ಜನಸಂಖ್ಯೆಗೆ ಅನುಗುಣವಾಗಿ ಮೀಸಲು. ಊಟ, ವಸತಿ, ಸಮವಸ್ತ್ರ, ಪುಸ್ತಕ ಎಲ್ಲ ಉಚಿತ. ಒಂಬತ್ತನೇ ತರಗತಿಯಲ್ಲಿ ನೂರಕ್ಕೆ ಮೂವತ್ತು ಮಕ್ಕಳು ಒಂದು ವರ್ಷ ಬೇರೆ ಭಾಷೆಯ ರಾಜ್ಯಕ್ಕೆ ಹೋಗಿ ಓದುತ್ತಾರೆ. ಮಲೆನಾಡಿನ ಹುಡುಗ ಉತ್ತರದ ಚಳಿಯಲ್ಲಿ ರೊಟ್ಟಿ ತಿಂದು ಬಂದು ಊರಿನಲ್ಲಿ ಹಿಂದಿ ಉದುರಿಸುವುದು ಆ ಶಾಲೆಗಳ ಅಳಿಸಲಾಗದ ನೆನಪು. ಈ ಪ್ರಯೋಗಕ್ಕೆ ಸಿಗಬೇಕಾದಷ್ಟು ಹೊಗಳಿಕೆ ಸಿಕ್ಕಿಲ್ಲ ಎಂದೇ ನನಗನಿಸುತ್ತದೆ.

ಇನ್ನು ಪರೀಕ್ಷೆ. ಎರಡು ಗಂಟೆ, 80 ಪ್ರಶ್ನೆ, 100 ಅಂಕ. ಅದರಲ್ಲಿ 40 ಪ್ರಶ್ನೆ ‘ಮಾನಸಿಕ ಸಾಮರ್ಥ್ಯ’ದವು, ಉಳಿದವು ಅಂಕಗಣಿತ ಮತ್ತು ಭಾಷೆಗೆ ಸಮಪಾಲು. ಕನ್ನಡದಲ್ಲೇ ಬರೆಯಬಹುದು. ಮಾನಸಿಕ ಸಾಮರ್ಥ್ಯದ ಭಾಗದಲ್ಲಿ ಅಕ್ಷರಗಳ ಕೆಲಸ ಕಡಿಮೆ, ಬರೀ ಆಕೃತಿಗಳು: ಗುಂಪಿಗೆ ಸೇರದ ಚಿತ್ರ ಯಾವುದು, ಕನ್ನಡಿಯಲ್ಲಿ ಇದು ಹೇಗೆ ಕಾಣುತ್ತದೆ, ಮಡಚಿ ತೂತು ಮಾಡಿದ ಕಾಗದ ಬಿಡಿಸಿದರೆ ತೂತುಗಳು ಎಲ್ಲೆಲ್ಲಿರುತ್ತವೆ. ಇದರ ಹಿಂದಿನ ನಂಬಿಕೆ ಸರಳ. ಗಣಿತವನ್ನೂ ವ್ಯಾಕರಣವನ್ನೂ ಮೇಷ್ಟರು ಕಲಿಸಬೇಕು, ಆದರೆ ತ್ರಿಕೋನವನ್ನು ಮನಸ್ಸಿನಲ್ಲಿ ತಿರುಗಿಸುವುದಕ್ಕೆ ಯಾರ ಪಾಠವೂ ಬೇಡ. ಹಾಗಾಗಿ ಒಬ್ಬರೇ ಶಿಕ್ಷಕರಿರುವ ಶಾಲೆಯ ಮಗುವೂ ಪಟ್ಟಣದ ಮಗುವೂ ಇಲ್ಲಿ ಸಮ.

ನಂಬಿಕೆ ಕೆಲವು ವರ್ಷ ಉಳಿದಿದ್ದಿರಬಹುದು. ಆಮೇಲೆ ಗೈಡುಗಳು ಬಂದವು. ನನ್ನ ಅಕ್ಕನ ಮಗ ಈ ಪರೀಕ್ಷೆಗೆ ಓದುತ್ತಿದ್ದಾಗ ಒಂದು ರಜೆಯಿಡೀ ಅವನ ಪಕ್ಕದಲ್ಲಿ ಕುಳಿತಿದ್ದೇನೆ. ಕನ್ನಡಿ ಬಿಂಬದ ಪ್ರಶ್ನೆ ಬಂದರೆ ಹಾಳೆಯನ್ನು ಹಿಂದುಮುಂದಾಗಿಸಿ ಬೆಳಕಿಗೆ ಹಿಡಿ ಎಂದು ಅವನಿಗೆ ಹೇಳಿಕೊಟ್ಟಿದ್ದರು. ಯಾವ ಬಗೆಯ ಆಕೃತಿಗೆ ಎಷ್ಟು ಸೆಕೆಂಡು, ಗೊತ್ತಾಗದಿದ್ದರೆ ಯಾವ ಗುಳ್ಳೆ ತುಂಬಬೇಕು, ಎಲ್ಲವೂ ಅಭ್ಯಾಸವಾಗಿತ್ತು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲವಲ್ಲ. ಹುಡುಗ ಚುರುಕೇ, ಅದರಲ್ಲಿ ಅನುಮಾನವಿಲ್ಲ. ಆದರೆ ನೂರಾರು ಆಕೃತಿಗಳನ್ನು ಬಿಡಿಸಿ ಪಳಗಿದವನನ್ನೂ ಪರೀಕ್ಷಾ ಕೊಠಡಿಯಲ್ಲೇ ಮೊದಲ ಬಾರಿಗೆ ಗುಳ್ಳೆ ತುಂಬುವ ಒಎಂಆರ್ ಹಾಳೆ ಕಂಡವನನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ಸಿಗುವ ತೂಕ ಯಾವುದರದು?

ಬೇಡಿಕೆಯೂ ಬೆಳೆಯಿತು. ದೇಶದಲ್ಲಿ ವರ್ಷಕ್ಕೆ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಮಕ್ಕಳು ಅರ್ಜಿ ಹಾಕುತ್ತಾರೆ, ಸೀಟುಗಳು ಸುಮಾರು ಐವತ್ತು ಸಾವಿರ. ಒಮ್ಮೆ ಬರೆದವರು ಆರನೇ ತರಗತಿಗೆ ಮತ್ತೆ ಬರೆಯುವಂತಿಲ್ಲ. ಉತ್ತರ ಕರ್ನಾಟಕದ ಪಟ್ಟಣಗಳಲ್ಲಿ ‘ನವೋದಯ, ಸೈನಿಕ, ಮೊರಾರ್ಜಿ’ ಎಂಬ ಮೂರೂ ಹೆಸರು ಹೊತ್ತ ಕೋಚಿಂಗ್ ಫಲಕಗಳು ಎದ್ದವು. ವಸತಿ ಶಾಲೆ ಸೇರಲು ವಸತಿ ಕೋಚಿಂಗ್! ಮೂರರಿಂದ ಐದನೇ ತರಗತಿಯವರೆಗೆ ಗ್ರಾಮೀಣ ಪ್ರದೇಶದ ಮಾನ್ಯತೆ ಪಡೆದ ಶಾಲೆಯಲ್ಲಿ ಓದಿದ್ದರೆ ಗ್ರಾಮೀಣ ಅಭ್ಯರ್ಥಿ ಎಂಬುದು ನಿಯಮ. ಶಾಲೆ ಸರ್ಕಾರಿಯೇ ಆಗಿರಬೇಕೆಂದೇನೂ ಇಲ್ಲ. ಪಟ್ಟಣದ ಗಡಿಯಾಚೆ ಹಳದಿ ಬಸ್ಸು ಓಡಿಸುವ ಖಾಸಗಿ ಶಾಲೆಯೂ ಕಾಗದದ ಮೇಲೆ ಗ್ರಾಮೀಣವೇ. ನಿಯಮ ಮುರಿದವರು ಯಾರೂ ಇಲ್ಲ. ಎಲ್ಲರೂ ತಮ್ಮ ಮಗುವಿಗೆ ಒಳ್ಳೆಯದನ್ನು ಬಯಸಿದರು, ಅಷ್ಟೇ.

ರಾಜ್ಯವೂ ಸುಮ್ಮನೆ ಕೂರಲಿಲ್ಲ. ಮೊರಾರ್ಜಿ ದೇಸಾಯಿ ವಸತಿ ಶಾಲೆಗಳು, ಹುಡುಗಿಯರಿಗೆ ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳು, ಹಿಂದುಳಿದ ತಾಲ್ಲೂಕುಗಳಲ್ಲಿ 74 ಆದರ್ಶ ವಿದ್ಯಾಲಯಗಳು ಬಂದವು. ಸೈನಿಕ ಶಾಲೆಯಂತೂ ವಿಜಯಪುರದಲ್ಲಿ 1963ರಿಂದಲೇ ಇತ್ತು. ಎಲ್ಲಕ್ಕೂ ಪ್ರವೇಶ ಆರನೇ ತರಗತಿಗೆ, ಎಲ್ಲಕ್ಕೂ ಪರೀಕ್ಷೆ. ಹೀಗೆ ಐದನೇ ತರಗತಿಯ ಮಗು ಒಂದೇ ವರ್ಷದಲ್ಲಿ ಮೂರು ನಾಲ್ಕು ಪ್ರವೇಶ ಪರೀಕ್ಷೆ ಬರೆಯುವುದು ಮಾಮೂಲಾಯಿತು. ಆ ವರ್ಷ ಪಾಠಪುಸ್ತಕಕ್ಕೆ ಎರಡನೇ ಸ್ಥಾನ.

ಫಲಿತಾಂಶ ನೋಡಿದರೆ ನವೋದಯಗಳು ಸೋತಿಲ್ಲ. ಸಿಬಿಎಸ್‌ಇ ಪರೀಕ್ಷೆಗಳಲ್ಲಿ ಅವು ಮೇಲಿನ ಸಾಲಿನಲ್ಲಿವೆ. 2007ರಲ್ಲಿ ಆರಂಭವಾದ ದಕ್ಷಣ ಪ್ರತಿಷ್ಠಾನದ ತರಬೇತಿಯಿಂದ ಅಲ್ಲಿನ ಬಡ ಮಕ್ಕಳು ಐಐಟಿಗಳಿಗೆ ಹೋಗಿದ್ದಾರೆ. ಆದರೆ 1986ರ ನೀತಿಯಲ್ಲಿ ಇನ್ನೊಂದು ಮಾತಿತ್ತು. ಇವು ಸುತ್ತಲಿನ ಶಾಲೆಗಳಿಗೆ ದಾರಿ ತೋರುವ ಶಾಲೆಗಳಾಗಬೇಕು ಎಂದು. ನವೋದಯದ ಕಾಂಪೌಂಡಿಗೆ ತಾಗಿಕೊಂಡೇ ಇರುವ ಸರ್ಕಾರಿ ಪ್ರೌಢಶಾಲೆಗೆ ಅದರ ಪ್ರಯೋಗಾಲಯದಿಂದ, ಶಿಕ್ಷಕರಿಂದ ಏನು ದಕ್ಕಿದೆ ಎಂದು ಕೇಳಿದರೆ ಉತ್ತರ ಬೇಗ ಮುಗಿಯುತ್ತದೆ. ಊರಿನ ಶಾಲೆಗೆ ಸಿಕ್ಕಿದ್ದು ಒಂದು ಖಾಲಿ ಜಾಗ. ತರಗತಿಯಲ್ಲಿ ಪ್ರಶ್ನೆ ಕೇಳುತ್ತಿದ್ದ, ಪಕ್ಕದವನಿಗೆ ಭಾಗಾಕಾರ ಹೇಳಿಕೊಡುತ್ತಿದ್ದ ಹುಡುಗಿ ಆರನೇ ತರಗತಿಗೆ ಅಲ್ಲಿರುವುದಿಲ್ಲ. 1990ರಲ್ಲಿ, ಆ ನೀತಿಯ ಮರುಪರಿಶೀಲನೆಗೆ ನೇಮಕವಾದ ಆಚಾರ್ಯ ರಾಮಮೂರ್ತಿ ಸಮಿತಿ ಸಮಾನ ಶಾಲಾ ವ್ಯವಸ್ಥೆಯ ಪರ ನಿಂತು ಈ ಯೋಜನೆಯನ್ನು ಪ್ರಶ್ನಿಸಿತು. ಎರಡು ವರ್ಷಗಳಲ್ಲಿ ನೀತಿ ಪರಿಷ್ಕರಣೆಯಾಗಿ ಯೋಜನೆ ಮುಂದುವರಿಯಿತು. 2009ರ ಶಿಕ್ಷಣ ಹಕ್ಕು ಕಾಯ್ದೆ ಶಾಲಾ ಪ್ರವೇಶಕ್ಕೆ ಮಕ್ಕಳನ್ನು ಸೋಸಿ ತೆಗೆಯಬಾರದೆಂದಿತು. ಅದೇ ಕಾಯ್ದೆ ನವೋದಯ, ಕೇಂದ್ರೀಯ ಮತ್ತು ಸೈನಿಕ ಶಾಲೆಗಳನ್ನು ‘ನಿರ್ದಿಷ್ಟ ವರ್ಗ’ವೆಂದು ಬೇರೆಯಾಗಿ ಹೆಸರಿಸಿತು. ಪರೀಕ್ಷೆ ನಡೆಯುತ್ತಲೇ ಇದೆ.

ಈ ನಡುವೆ ಬೇರೆ ಬಾಗಿಲುಗಳು ಮುಚ್ಚಿದವು. ಎನ್‌ಟಿಎಸ್‌ಇ 2021ರ ನಂತರ ನಡೆದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ನಡೆಸುತ್ತಿದ್ದ ಕಿಶೋರ್ ವೈಜ್ಞಾನಿಕ್ ಪ್ರೋತ್ಸಾಹನ್ ಯೋಜನೆಯ ವಿದ್ಯಾರ್ಥಿವೇತನ ಪರೀಕ್ಷೆ 2022ರಲ್ಲಿ ನಿಂತಿತು. ಉಳಿದಿರುವುದು 2008ರಲ್ಲಿ ಶುರುವಾದ ರಾಷ್ಟ್ರೀಯ ಆದಾಯ-ಅರ್ಹತಾ ವಿದ್ಯಾರ್ಥಿವೇತನ, ಅಂದರೆ ಎನ್‌ಎಂಎಂಎಸ್. ಎಂಟನೇ ತರಗತಿಯಲ್ಲಿ ಪರೀಕ್ಷೆ, ತೇರ್ಗಡೆಯಾದರೆ ಒಂಬತ್ತರಿಂದ ಹನ್ನೆರಡರವರೆಗೆ ವರ್ಷಕ್ಕೆ 12,000 ರೂಪಾಯಿ. ಸರ್ಕಾರಿ ಮತ್ತು ಅನುದಾನಿತ ಶಾಲೆಯ, ಕಡಿಮೆ ಆದಾಯದ ಮನೆಯ ಮಕ್ಕಳಿಗೆ ಮಾತ್ರ. ನವೋದಯದಂಥ ವಸತಿ ಶಾಲೆಯವರಿಗೆ ಇಲ್ಲ. ಇದರ ಬಗ್ಗೆ ಪತ್ರಿಕೆಗಳು ಬರೆಯುವುದು ಕಡಿಮೆ, ಫಲಕ ಹಾಕುವವರೂ ಕಡಿಮೆ. ಆದರೆ ಜಾಣ ಮಗುವನ್ನು ಅದರ ಊರಿನ ಶಾಲೆಯಿಂದ ಎತ್ತಿಕೊಂಡು ಹೋಗದೆ ಅಲ್ಲೇ ಕೈಹಿಡಿಯುವ ಯೋಜನೆಯೆಂದರೆ ಸದ್ಯಕ್ಕೆ ಇದೇ.

2020ರ ಶಿಕ್ಷಣ ನೀತಿ ಪ್ರತಿಭಾವಂತ ಮಕ್ಕಳಿಗೆ ಶಾಲೆಯೊಳಗೇ ಹೆಚ್ಚಿನ ಪಾಠ, ಶಿಕ್ಷಕರಿಗೆ ತರಬೇತಿ ಬೇಕೆಂದು ಹೇಳಿದೆ. ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆ ಒಂದು ದಶಕಕ್ಕೂ ಹಿಂದಿನಿಂದ ಇಂಥ ಮಕ್ಕಳನ್ನು ಗುರುತಿಸುವ ಬಗೆಯನ್ನು ಅಧ್ಯಯನ ಮಾಡುತ್ತಾ ಬಂದಿದೆ. ತಾಲ್ಲೂಕಿನ ಶಾಲೆಗೆ ಅದು ಇನ್ನೂ ಇಳಿದು ಬಂದಿಲ್ಲ.

ಕೊನೆಗೆ ಅಮೆರಿಕದ ಒಂದು ಉದಾಹರಣೆ. ಫ್ಲಾರಿಡಾದ ಬ್ರೋವರ್ಡ್ ಕೌಂಟಿಯ ಸರ್ಕಾರಿ ಶಾಲೆಗಳಲ್ಲಿ ಮೇಧಾವಿ ಮಕ್ಕಳ ತರಗತಿಗೆ ಸೇರಲು ಮೊದಲು ಶಿಕ್ಷಕರೋ ಪೋಷಕರೋ ಹೆಸರು ಸೂಚಿಸಬೇಕಿತ್ತು. 2005ರಲ್ಲಿ ಆ ಪದ್ಧತಿ ಬದಲಾಗಿ ಎರಡನೇ ತರಗತಿಯ ಎಲ್ಲ ಮಕ್ಕಳಿಗೂ ಒಂದು ಸಣ್ಣ ಆಕೃತಿ ಪರೀಕ್ಷೆ ಕೊಟ್ಟರು, ನಮ್ಮ ಮಾನಸಿಕ ಸಾಮರ್ಥ್ಯದ ಪ್ರಶ್ನೆಗಳಂಥದ್ದೇ. ಡೇವಿಡ್ ಕಾರ್ಡ್ ಮತ್ತು ಲಾರಾ ಜೂಲಿಯಾನೊ ಎಂಬ ಅರ್ಥಶಾಸ್ತ್ರಜ್ಞರು ಮುಂದೇನಾಯಿತೆಂದು ಲೆಕ್ಕ ಹಾಕಿದರು. ಕಪ್ಪು, ಹಿಸ್ಪಾನಿಕ್ ಮತ್ತು ಬಡ ಮಕ್ಕಳು ಮೊದಲಿಗಿಂತ ಬಹಳ ಹೆಚ್ಚಿನ ಸಂಖ್ಯೆಯಲ್ಲಿ ಆಯ್ಕೆಯಾಗಿದ್ದರು. ಅಷ್ಟು ದಿನ ಅವರ ಹೆಸರನ್ನು ಯಾರೂ ಬರೆದು ಕಳಿಸಿರಲಿಲ್ಲ, ಅಷ್ಟೇ. ಆಮೇಲೆ ಆರ್ಥಿಕ ಮುಗ್ಗಟ್ಟು ಬಂತು, ಎಲ್ಲರಿಗೂ ಪರೀಕ್ಷೆ ಮಾಡುವುದು ನಿಂತಿತು, ಗಳಿಸಿದ್ದು ಮತ್ತೆ ಕರಗಿತು.

ನಮ್ಮಲ್ಲಿ ಹಿಂದೆ ನವೋದಯದ ಅರ್ಜಿ ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಯಲ್ಲಿ ಸಿಗುತ್ತಿತ್ತು. ಈಗ ಆನ್‌ಲೈನ್. ಮುಖ್ಯೋಪಾಧ್ಯಾಯರ ಸಹಿ, ಮೊಹರು, ಪೋಷಕರ ಸಹಿ, ಫೋಟೊ ಇರುವ ಪ್ರಮಾಣಪತ್ರವನ್ನು ಸ್ಕ್ಯಾನ್ ಮಾಡಿ ಕೊನೆಯ ದಿನಾಂಕದೊಳಗೆ ಏರಿಸಬೇಕು. ಅರ್ಜಿಗೆ ಶುಲ್ಕವಿಲ್ಲ, ಸೈಬರ್ ಸೆಂಟರಿಗೆ ಇದೆ. ಅಪ್ಪ ಅಮ್ಮ ದುಡಿಯಲು ಗೋವಾಕ್ಕೋ ಬೆಂಗಳೂರಿಗೋ ಹೋಗಿ ಅಜ್ಜಿಯ ಮನೆಯಲ್ಲಿ ಉಳಿದ ಮಗುವಿಗೆ ಆ ಪತ್ರಕ್ಕೆ ಸಹಿ ಹಾಕುವವರು ಸಿಗುವುದೂ ಕಷ್ಟ. ಕರ್ನಾಟಕದ ಐದನೇ ತರಗತಿಯಲ್ಲಿರುವ ಪ್ರತಿ ಮಗುವಿನ ಹೆಸರು, ಶಾಲೆ, ಜನ್ಮದಿನಾಂಕ ಶಿಕ್ಷಣ ಇಲಾಖೆಯ ಎಸ್‌ಎಟಿಎಸ್ ತಂತ್ರಾಂಶದಲ್ಲಿ ಈಗಾಗಲೇ ದಾಖಲಾಗಿರುತ್ತದೆ. ನವೋದಯ ಪರೀಕ್ಷೆಗೆ ಕೂರಲು ಮಾತ್ರ ಅದನ್ನೆಲ್ಲ ಯಾರಾದರೂ ಹೊಸದಾಗಿ ತುಂಬಿಕೊಡಬೇಕು.