ಆಸರಿಗೆ ಎಂತ ಬೇಕು?

ಮೇ ತಿಂಗಳ ಮಧ್ಯಾಹ್ನ ಕುಮಟಾದಲ್ಲಿ ಬಸ್ಸಿಳಿದು ಚಿಕ್ಕಿ ಮನೆಗೆ ನಡೆದು ಮುಟ್ಟುವಷ್ಟರಲ್ಲಿ ಅಂಗಿ ಬೆನ್ನಿಗೆ ಅಂಟಿತ್ತು. ನಮ್ಮ ಕರಾವಳಿಯ ಬೆವರೇ ಹಾಗೆ. ಗಾಳಿಯಲ್ಲೇ ಅಷ್ಟು ನೀರಿರುವಾಗ ಬೆವರು ಆರುವುದಾದರೂ ಹೇಗೆ? ಆರದಿದ್ದರೆ ಮೈ ತಂಪಾಗುವುದಿಲ್ಲ. ಸುಮ್ನೆ ಇಳಿದು ಹೋಗುತ್ತದೆ, ಹೋಗುವಾಗ ಉಪ್ಪನ್ನೂ ಒಯ್ಯುತ್ತದೆ.

"ಆಸರಿಗೆ ಎಂತ ಬೇಕು?" ಅಂತ, ಅಂದರೆ ಬಾಯಾರಿಕೆಗೆ ಏನು ಬೇಕು ಅಂತ ಕೇಳಿದ ಚಿಕ್ಕಿ, ಉತ್ತರಕ್ಕೆ ಕಾಯದೆ ಬೆಲ್ಲದ ತುಂಡು, ಒಂದು ತಂಬಿಗೆ ನೀರು ತಂದಿಟ್ಟಳು. ಅಷ್ಟರಲ್ಲಿ ಅವಳ ಮಗ ಫೋನ್ ಹಿಡಿದುಕೊಂಡು ಬಂದ. ವಾಟ್ಸಾಪ್‌ನಲ್ಲಿ ಬಂದ ಸಂದೇಶವಂತೆ: ಬೆಲ್ಲ-ನೀರು ಎಂದರೆ ನಮ್ಮ ಹಿರಿಯರ ಓಆರ್‌ಎಸ್ (ಭೇದಿಯಾದಾಗ ಕುಡಿಸುವ ಉಪ್ಪು-ಸಕ್ಕರೆ ನೀರು), ಸಾವಿರಾರು ವರ್ಷದ ಹಿಂದೆಯೇ ಅವರಿಗೆ ಎಲ್ಲ ಗೊತ್ತಿತ್ತು!

ನನಗೆ ಸಿಟ್ಟು ಬರುವುದು ಇಂಥಲ್ಲಿ. ಬೆಲ್ಲ ಕೊಡುವುದು ಚಂದದ ಪದ್ಧತಿ, ಬಾಯಾರಿ ಬಂದವರಿಗೆ ಹಿತ ಕೂಡ. ಆದರೆ ಅದರಲ್ಲಿ ಬೇಕಾದಷ್ಟು ಉಪ್ಪೆಲ್ಲಿದೆ? ಓಆರ್‌ಎಸ್‌ನ ಗುಟ್ಟೇ ಉಪ್ಪು-ಸಕ್ಕರೆಯ ಜೋಡಿ.

ತದಡಿಯಿಂದ ಹೊಳೆಯಾಚೆಯ ಅಘನಾಶಿನಿ ಊರಿಗೆ ದಾಟುವ ದೋಣಿ ನೆನೆಸಿಕೊಳ್ಳಿ. ದೋಣಿಯವನು ಭಾರೀ ಕಟ್ಟುನಿಟ್ಟಿನವನು ಅಂದುಕೊಳ್ಳಿ. ಉಪ್ಪಿನಿಂದ ಬಂದ ಇಬ್ಬರು ಸೋಡಿಯಂ, ಸಕ್ಕರೆಯಿಂದ ಬಂದ ಒಬ್ಬ ಗ್ಲೂಕೋಸ್ ಹತ್ತಿ ಕೂರುವ ತನಕ ಹಗ್ಗ ಬಿಚ್ಚುವುದಿಲ್ಲ. ಸಣ್ಣ ಕರುಳಿನ ಜೀವಕೋಶಗಳ ಗೋಡೆಯಲ್ಲಿ ಇಂಥ ದೋಣಿಗಳಿವೆ. ಎಸ್‌ಜಿಎಲ್‌ಟಿ-1 ಎಂಬ ಪ್ರೋಟೀನ್ ಅದು. ಜೀವಕೋಶ ತನ್ನೊಳಗಿನ ಸೋಡಿಯಂ ಅನ್ನು ಹಿಂಬಾಗಿಲಿನಿಂದ ಸದಾ ಹೊರಗೆ ದಬ್ಬುತ್ತಿರುತ್ತದೆ. ಹಾಗಾಗಿ ಒಳಗೆ ಯಾವಾಗಲೂ ಸೋಡಿಯಂ ಕಡಿಮೆ, ಕರುಳಿನ ಕಡೆಯ ಸೋಡಿಯಂಗೆ ಒಳಬರುವ ತವಕ. ಆ ತವಕವೇ ದೋಣಿಯನ್ನು ಮುಂದೆ ತಳ್ಳುವ ಹುಟ್ಟು. ಬೆಲ್ಲದ ಸಕ್ಕರೆ ಕರುಳಿನಲ್ಲಿ ಎರಡಾಗಿ ಒಡೆಯುತ್ತದೆ, ಒಂದು ಪಾಲು ಗ್ಲೂಕೋಸ್. ಅದಕ್ಕೂ ಸೀಟು ಸಿಗುತ್ತದೆ.

ಮತ್ತೆ ನೀರು? ಅದು ದಿಬ್ಬಣದ ಹಾಗೆ. ಮದುಮಗ ಚಪ್ಪರದ ಒಳಗೆ ಕಾಲಿಟ್ಟರೆ ಸಾಕು, ಹಿಂದಿನ ನೂರು ಜನರನ್ನು ಬೇರೆ ಕರೆಯಬೇಕಾಗಿಲ್ಲ. ಉಪ್ಪು-ಸಕ್ಕರೆ ಒಳಗೆ ಹೋದರೆ ನೀರು ತಾನೇ ಹಿಂಬಾಲಿಸುತ್ತದೆ. ಕಾಲರಾದಲ್ಲಿ ಕರುಳಿನಿಂದ ನೀರು ಹೊರಗೆ ಸುರಿಯುತ್ತಿರುತ್ತದೆ, ಆಗಲೂ ಈ ದೋಣಿ ಮಾತ್ರ ನಿಲ್ಲುವುದಿಲ್ಲ! ನನಗಂತೂ ಇದು ದೇಹದೊಳಗಿನ ಅತಿ ಚಂದದ ಏರ್ಪಾಡು.

ಈ ಜೋಡಿಯ ಲೆಕ್ಕವನ್ನು 1960ರಲ್ಲಿ ಪ್ರಾಗ್ ನಗರದ ಸಭೆಯೊಂದರಲ್ಲಿ ಮುಂದಿಟ್ಟವರು ಜೀವರಸಾಯನ ವಿಜ್ಞಾನಿ ರಾಬರ್ಟ್ ಕ್ರೇನ್. ಅದು ಜನರ ಜೀವ ಉಳಿಸಿದ್ದನ್ನು ಜಗತ್ತು ಕಂಡದ್ದು 1971ರಲ್ಲಿ, ಬಾಂಗ್ಲಾ ಯುದ್ಧದಿಂದ ಪಶ್ಚಿಮ ಬಂಗಾಳದ ಬನಗಾಂವ್‌ಗೆ ಓಡಿಬಂದ ನಿರಾಶ್ರಿತರ ನಡುವೆ. ಕಾಲರಾ ಹಬ್ಬಿತ್ತು, ನರಕ್ಕೆ ಏರಿಸುವ ಸಲೈನ್ ಸಾಲುತ್ತಿರಲಿಲ್ಲ. ಡಾ. ದಿಲೀಪ್ ಮಹಲನಬಿಸ್ ಗ್ಲೂಕೋಸ್, ಉಪ್ಪು, ಅಡಿಗೆ ಸೋಡಾ ಕಲಸಿದ ನೀರನ್ನು ಕುಡಿಸತೊಡಗಿದರು. ಸುಮಾರು ಶೇ. 30 ಇದ್ದ ಸಾವು ಶೇ. 3.6ಕ್ಕೆ ಇಳಿಯಿತು. ಅವರಿಗೆ ಪದ್ಮವಿಭೂಷಣ ಬಂದದ್ದು 2023ರಲ್ಲಿ, ತೀರಿಕೊಂಡ ಮೇಲೆ. ಹಿರಿಯರ ಬಗ್ಗೆ ಹೆಮ್ಮೆ ಪಡುವುದಾದರೆ ಇಂಥವರ ಹೆಸರು ಫಾರ್ವರ್ಡ್ ಮಾಡಬಹುದಲ್ವಾ?

ಹಾಗಂತ ದಿನಾ ಓಆರ್‌ಎಸ್ ಕುಡಿಯಬೇಕಾಗಿಲ್ಲ. ಗಂಜಿ, ಸಾರು, ಉಪ್ಪಿನಕಾಯಿ ತಿನ್ನುವವನಿಗೆ ಬರೀ ನೀರೇ ಸಾಕು. ದಿನಕ್ಕೆ ಎಂಟು ಲೋಟ ನೀರು ಕುಡಿಯಲೇಬೇಕು ಎಂಬ ಹಟವೂ ಬೇಡ. 1945ರಲ್ಲಿ ಅಮೆರಿಕದ ಆಹಾರ ಮಂಡಳಿ ದಿನಕ್ಕೆ ಎರಡೂವರೆ ಲೀಟರ್ ನೀರು ಎಂದಿತ್ತು, ಅದರಲ್ಲಿ ಹೆಚ್ಚಿನ ಪಾಲು ಊಟದಲ್ಲೇ ಇದೆ ಎಂದೂ ಪಕ್ಕದಲ್ಲೇ ಬರೆದಿತ್ತು. ಆ ಎರಡನೇ ಮಾತನ್ನು ಯಾರೂ ಓದಲಿಲ್ಲ. ಬಾಯಾರಿದರೆ ಕುಡಿಯಿರಿ, ಮೂತ್ರ ಕಡು ಹಳದಿಯಾದರೆ ಇನ್ನಷ್ಟು ಕುಡಿಯಿರಿ. ವಯಸ್ಸಾದವರಿಗೆ ಬಾಯಾರಿಕೆ ಸರಿಯಾಗಿ ಗೊತ್ತಾಗುವುದಿಲ್ಲ, ಅವರಿಗೆ ನಾವೇ ನೆನಪು ಮಾಡಬೇಕು.

ಭೇದಿಯಾದರೆ ಮಾತ್ರ ಅಳತೆ ತಪ್ಪಬಾರದು. ಓಆರ್‌ಎಸ್ ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಟೀ ಚಮಚದಲ್ಲಿ ಮಟ್ಟಸವಾಗಿ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಸಕ್ಕರೆ ಜಾಸ್ತಿಯಾದರೆ ಅದೇ ಸಕ್ಕರೆ ಮೈಯ ನೀರನ್ನು ಕರುಳಿಗೆ ವಾಪಸ್ ಎಳೆಯುತ್ತದೆ, ಭೇದಿ ಹೆಚ್ಚುತ್ತದೆ. ಬಾಟಲಿ ಜ್ಯೂಸು ಇಲ್ಲಿ ಕೆಲಸಕ್ಕೆ ಬಾರದಿರುವುದು ಇದಕ್ಕೇ.

ಊಟಕ್ಕೆ ಅಪ್ಪೆಹುಳಿ ಇತ್ತು. ಮಾವಿನ ಹುಳಿ, ಉಪ್ಪು, ಚೂರು ಬೆಲ್ಲ, ಮೇಲೆ ಇಂಗಿನ ಒಗ್ಗರಣೆ. ಜೋಡಿ ಇಲ್ಲಿದೆಯಲ್ಲ ಅಂತ ಖುಷಿಯಾಗಿ, ಉಪ್ಪೆಷ್ಟು ಹಾಕಿದೆ ಎಂದು ಚಿಕ್ಕಿಯನ್ನು ಕೇಳಿದೆ. ಅವಳು ಅಂಗೈ ತೋರಿಸಿದಳು. ಭೇದಿಗೆ ಪೊಟ್ಟಣವೇ ಸರಿ ಅಂದುಕೊಂಡು ಇನ್ನೆರಡು ಲೋಟ ಅಪ್ಪೆಹುಳಿ ಕುಡಿದೆ. ಜಗಲಿಯಲ್ಲಿ ಮಲಗಿದವನಿಗೆ ಎಚ್ಚರವಾದಾಗ ನಾಲ್ಕೂವರೆ.