ಪಾದ್ರಿ ಹೆಸರು ಬದಲಿಸಿ ನಗಿಸಿದ್ದು ಹೆದರಿಕೆಯಿಂದಾನಾ?

ಪ್ರಶ್ನೆ: ‘ಮಿಸ್ಟರ್ ವರ್ಡೆಂಟ್ ಗ್ರೀನ್’ ಅನ್ನೋ ಇಂಗ್ಲಿಷ್ ಹಾಸ್ಯ ಕಾದಂಬರಿ ಬರೆದ ಕತ್‌ಬರ್ಟ್ ಬೀಡ್ ಒಬ್ಬ ಪಾದ್ರಿಯಂತೆ. ಚರ್ಚಿನವರಿಗೆ ಗೊತ್ತಾಗದಿರಲಿ ಅಂತ ಹೆಸರು ಬದಲಿಸಿಕೊಂಡರಾ?

ಉತ್ತರ: ಪಾದ್ರಿ ಅನ್ನೋದು ನಿಜ. ಹೆದರಿಕೆ ಅನ್ನೋದನ್ನು ನಾನು ಒಪ್ಪುವುದಿಲ್ಲ. ಯಾಕೆ ಅಂತ ಆ ಹೆಸರೇ ಹೇಳುತ್ತದೆ.

ಅವರ ಸ್ವಂತ ಹೆಸರು ಎಡ್ವರ್ಡ್ ಬ್ರ್ಯಾಡ್ಲಿ. 1827ರಲ್ಲಿ ಇಂಗ್ಲೆಂಡಿನ ಕಿಡರ್‌ಮಿನ್‌ಸ್ಟರ್‌ನಲ್ಲಿ ಹುಟ್ಟಿದವರು. ಓದಿದ್ದು ಡರ್ಹಮ್ ವಿಶ್ವವಿದ್ಯಾಲಯದಲ್ಲಿ. ಆ ಊರಿನ ಗುರುತೇ ಅಲ್ಲಿನ ದೊಡ್ಡ ಕ್ಯಾಥೆಡ್ರಲ್. ಅದರ ಪೂರ್ವದ ಕಡೆ, ಪೂಜಾಪೀಠದ ಹಿಂದೆ, ಸಂತ ಕತ್‌ಬರ್ಟ್ ಸಮಾಧಿ ಇದೆ. ಪಶ್ಚಿಮದ ತುದಿಯಲ್ಲಿ ಸಂತ ಬೀಡ್ ಸಮಾಧಿ. ಈ ತುದಿಯಿಂದ ಆ ತುದಿಗೆ ನಡೆದರೆ ಲೇಖಕರ ಹೆಸರು ಪೂರ್ತಿಯಾಯಿತು! ಡರ್ಹಮ್ ಬಲ್ಲವರಿಗೆ ಇದು ಗುಟ್ಟಲ್ಲ, ವಿಳಾಸ. ಬಸವಣ್ಣನವರು ಕೂಡಲಸಂಗಮದ ದೇವರನ್ನೇ ಅಂಕಿತ ಮಾಡಿಕೊಂಡರಲ್ಲ, ಸ್ವಲ್ಪ ಹಾಗೆ. ಇಲ್ಲಿ ಭಕ್ತಿಗಿಂತ ತುಂಟತನ ಜಾಸ್ತಿ ಅಷ್ಟೆ.

ತುಂಟತನ ಯಾಕೆಂದರೆ, ಡರ್ಹಮ್ ಸಂತರ ಸಹಿ ಹಾಕಿ ಅವರು ತಮಾಷೆ ಮಾಡಿದ್ದು ಆಕ್ಸ್‌ಫರ್ಡ್ ಬಗ್ಗೆ. ಅಲ್ಲಿ ಒಂದು ವರ್ಷ ಇದ್ದರೂ ವಿದ್ಯಾರ್ಥಿಯಾಗಿ ಸೇರಿದವರಲ್ಲ. 1853ರಿಂದ 1857ರೊಳಗೆ ಮೂರು ಭಾಗಗಳಲ್ಲಿ ಬಂದ ಈ ಕಾದಂಬರಿಯ ಹೀರೋ, ಕಾಲೇಜಿಗೆ ಹೊಸದಾಗಿ ಸೇರಿದ ಹುಡುಗ. ವರ್ಡೆಂಟ್ ಅಂದರೂ ಹಸಿರು, ಗ್ರೀನ್ ಅಂದರೂ ಹಸಿರು. ನಮ್ಮಲ್ಲಿ ‘ಇನ್ನೂ ಎಳಸು’ ಅಂತೀವಲ್ಲ, ಅದೇ ಅರ್ಥ, ಎರಡೆರಡು ಸಲ. ಯಾರು ಏನು ಹೇಳಿದರೂ ನಂಬುತ್ತಾನೆ. ಕನ್ನಡಕ ಬೇರೆ ಹಾಕಿದ್ದಾನೆ. ಅದಕ್ಕೇ ಗೆಳೆಯ ಬೌನ್ಸರ್ ಅವನನ್ನು ‘ಗಿಗ್‌ಲ್ಯಾಂಪ್ಸ್’ ಅಂತ ಕರೆಯುತ್ತಾನೆ. ಗಿಗ್ ಅಂದರೆ ಹಗುರವಾದ ಕುದುರೆಗಾಡಿ. ಅದರ ಎರಡೂ ಪಕ್ಕ ದೀಪ ಇರುತ್ತಿತ್ತು. ದುಂಡು ಗಾಜಿನ ಹಿಂದೆ ಕಣ್ಣರಳಿಸಿ ನಿಂತ ಹುಡುಗನನ್ನು ಒಮ್ಮೆ ನೆನೆಸಿಕೊಳ್ಳಿ, ಅಡ್ಡಹೆಸರು ಎಷ್ಟು ಸರಿಯಾಗಿ ಕೂತಿದೆ ಅಲ್ವಾ? ಚಿತ್ರಗಳನ್ನೂ ಬ್ರ್ಯಾಡ್ಲಿಯವರೇ ಬರೆದರು.

ಪುಸ್ತಕ 1870ರ ಹೊತ್ತಿಗೆ ಒಂದು ಲಕ್ಷ ಪ್ರತಿ ಮಾರಾಟವಾಗಿತ್ತು. ಅದರಿಂದ ಅವರಿಗೆ ಒಟ್ಟು ಸಿಕ್ಕಿದ್ದು 350 ಪೌಂಡ್. ಇದನ್ನು ಓದಿದಾಗ ಮಾತ್ರ ನನಗೆ ನಗು ಬರಲಿಲ್ಲ.

ಹೆದರಿಕೆಯ ವಿಷಯಕ್ಕೆ ಬರೋಣ. 1871ರಲ್ಲಿ ಅವರು ರಟ್ಲೆಂಡ್ ಸೀಮೆಯ ಸ್ಟ್ರೆಟನ್ ಎಂಬ ಹಳ್ಳಿಗೆ ಪಾದ್ರಿಯಾಗಿ ಹೋದರು. ಅಲ್ಲಿನ ಚರ್ಚ್ ರಿಪೇರಿ ಮಾಡಿಸಬೇಕಿತ್ತು, ದುಡ್ಡಿರಲಿಲ್ಲ. ಆಗ ಇವರು ಊರೂರು ಸುತ್ತಿ ಭಾಷಣ ಮಾಡಿ ದುಡ್ಡು ಕೂಡಿಸಿದರು. ಭಾಷಣದ ವಿಷಯ ಏನು ಗೊತ್ತಾ? ಹಾಸ್ಯ ಸಾಹಿತ್ಯ!