ಅಧಿಕಾರ ಡಿ.ಸಿ. ಕೈಯಲ್ಲಿ, ದೋಣಿ ಊರಿನವರ ಕೈಯಲ್ಲಿ: ವಿಪತ್ತು ನಿರ್ವಹಣೆ ಟಿಪ್ಪಣಿ

ಮಳೆಗಾಲದಲ್ಲಿ ನಮ್ಮ ಉಡುಪಿ, ಮಂಗಳೂರು ಕಡೆ ಮಕ್ಕಳಿಗೆ ಡಿ.ಸಿ. ಅಂದರೆ ಶಾಲೆಗೆ ರಜೆ ಕೊಡುವವರು, ಅಷ್ಟೇ. ರಾತ್ರಿ ಊಟ ಆದ ಮೇಲೆ ವಾಟ್ಸಾಪ್ ಹಿಡಿದುಕೊಂಡು ಕೂರುತ್ತಾರೆ. ಆದೇಶದ ಫೋಟೊ ಬಂತು ಅಂದರೆ ಮನೆಯೆಲ್ಲ ಕುಣಿತ, ಕೆಲವು ಸಲ ಹಳೇ ವರ್ಷದ ಆದೇಶಕ್ಕೇ ಯಾರೋ ಹೊಸ ದಿನಾಂಕ ಅಂಟಿಸಿ ಕಳಿಸಿರುತ್ತಾರೆ, ಅದು ಬೇರೆ ಕತೆ. ನಾನೂ ಹಾಗೇ ಬೆಳೆದವನು. ಪಿಡಿಒ (ಪಂಚಾಯತ್ ಅಭಿವೃದ್ಧಿ ಅಧಿಕಾರಿ) ಪರೀಕ್ಷೆಗೆ ಓದಲು ಕೂತಾಗ ಮೊದಲ ಸಲ ಅನಿಸಿತು: ಶಾಲೆ ನಡೆಸುವುದು ಶಿಕ್ಷಣ ಇಲಾಖೆ, ಮಳೆ ಬಂದರೆ ರಜೆ ಕೊಡಲು ಡಿ.ಸಿ. ಯಾಕೆ? ಆ ಪ್ರಶ್ನೆಯ ಬಾಲ ಹಿಡಿದೇ ಈ ಟಿಪ್ಪಣಿ ಬರೆಯುತ್ತಿದ್ದೇನೆ. ಗೈಡ್‌ನಲ್ಲಿ ಇರುವುದನ್ನು ಬೇಗ ಮುಗಿಸಿ, ಇಲ್ಲದ್ದನ್ನು ಸ್ವಲ್ಪ ಜಾಸ್ತಿ ಬರೆಯುತ್ತೇನೆ.

ಮೊದಲು ಕಾಯ್ದೆ. 2004ರ ಡಿಸೆಂಬರ್ 26ಕ್ಕೆ ಸುನಾಮಿ ಬಂತು, ಮರುವರ್ಷ ವಿಪತ್ತು ನಿರ್ವಹಣಾ ಕಾಯ್ದೆ 2005 ಬಂತು. ಮೂರು ಮಟ್ಟದಲ್ಲಿ ಮೂರು ಪ್ರಾಧಿಕಾರ. ದೆಹಲಿಯಲ್ಲಿ ಪ್ರಧಾನಿ ಅಧ್ಯಕ್ಷರು, ಬೆಂಗಳೂರಿನಲ್ಲಿ ಮುಖ್ಯಮಂತ್ರಿ, ಜಿಲ್ಲೆಯಲ್ಲಿ ಡಿ.ಸಿ. ಅಂದರೆ ನಮ್ಮ ಡಿ.ಸಿ. ಸುಮ್ನೆ ಕಂದಾಯದ ಸಾಹೇಬರಲ್ಲ, ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದ ಅಧ್ಯಕ್ಷರೂ ಹೌದು. ರಜೆಯ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಎಸ್.ಪಿ., ಜಿಲ್ಲೆಯ ಮುಖ್ಯ ವೈದ್ಯಾಧಿಕಾರಿ ಸದಸ್ಯರು. ಅಧ್ಯಕ್ಷರನ್ನು ಬಿಟ್ಟು ಸದಸ್ಯರು ಏಳಕ್ಕಿಂತ ಹೆಚ್ಚಿರುವಂತಿಲ್ಲ. ಸೆಕ್ಷನ್ 25.

ಇಲ್ಲೊಂದು ಕಡೆ ಎಲ್ಲರೂ ಎಡವುತ್ತಾರೆ. ಸಹ ಅಧ್ಯಕ್ಷರು ಯಾರು ಎಂದು ಕೇಳಿದರೆ ಎಸ್.ಪಿ. ಎಂದು ಬರೆದುಬಿಡುತ್ತೇವೆ. ಅಲ್ಲ, ಸ್ಥಳೀಯ ಸಂಸ್ಥೆಯ ಚುನಾಯಿತ ಪ್ರತಿನಿಧಿ, ನಮ್ಮಲ್ಲಿ ಜಿಲ್ಲಾ ಪಂಚಾಯತ್ ಅಧ್ಯಕ್ಷರು. ಜನ ಆರಿಸಿದವರು ಒಬ್ಬರಾದರೂ ಆ ಮೇಜಿನಲ್ಲಿ ಇರಲಿ ಎಂದು ಕಾಯ್ದೆ ಬರೆದವರು ಯೋಚಿಸಿದ್ದಾರೆ. ಆದರೆ ಕರ್ನಾಟಕದಲ್ಲಿ ಜಿಲ್ಲಾ ಪಂಚಾಯತ್‌ಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಕುರ್ಚಿ ಕಾಗದದಲ್ಲಿ ಇತ್ತು, ಕೂರುವವರಿರಲಿಲ್ಲ. ಪರೀಕ್ಷೆಯಲ್ಲಿ ಇದನ್ನು ಒಂದು ಸಾಲು ಬರೆಯಿರಿ, ಬರೀ ಬಾಯಿಪಾಠ ಮಾಡಿದವರಲ್ಲ ಎಂದು ಗೊತ್ತಾಗುತ್ತದೆ.

ಡಿ.ಸಿ.ಗೆ ಇರುವ ಅಧಿಕಾರ ಸಣ್ಣದಲ್ಲ. ಸೆಕ್ಷನ್ 34ರಲ್ಲಿ ರಸ್ತೆ ಬಂದ್ ಮಾಡಬಹುದು, ಒಂದು ಜಾಗಕ್ಕೆ ಜನ ಹೋಗದಂತೆ ತಡೆಯಬಹುದು. ಸೆಕ್ಷನ್ 50ರ ಬಲದಲ್ಲಿ ಟೆಂಡರ್ ಕರೆಯದೆ ಬೇಕಾದ ಸಾಮಾನು ಕೊಳ್ಳಬಹುದು. ಸೆಕ್ಷನ್ 65ರಲ್ಲಿ ಖಾಸಗಿಯವರ ವಾಹನ, ಕಟ್ಟಡ ಕೂಡ ವಶಕ್ಕೆ ಪಡೆಯಬಹುದು, ಅದಕ್ಕೆ ಪರಿಹಾರ ಕೊಡುವ ಮಾತು 66ರಲ್ಲಿದೆ. ಕೆಲಸಕ್ಕೆ ಅಡ್ಡಿ ಮಾಡಿದರೆ 51. ಸುಳ್ಳು ಎಚ್ಚರಿಕೆ ಹಬ್ಬಿಸಿ ಜನರನ್ನು ಹೆದರಿಸಿದರೆ 54, ಒಂದು ವರ್ಷದವರೆಗೆ ಜೈಲು ಅಥವಾ ದಂಡ. ನಕಲಿ ರಜೆ ಆದೇಶ ಇದರೊಳಗೆ ಬರುತ್ತದೋ ಇಲ್ಲವೋ ಎಂದು ವಾದ ಮಾಡಬಹುದು, 'ಡ್ಯಾಂ ಒಡೆದಿದೆ, ಓಡಿ' ಎಂದು ಕಳಿಸಿದರೆ ವಾದವೇ ಬೇಡ.

ಗೈಡ್ ಇಲ್ಲಿಗೆ ಮುಗಿಯುತ್ತದೆ. ನನಗೆ ಪಾಠ ಶುರುವಾದದ್ದು ಇಲ್ಲಿಂದ.

ನಮ್ಮ ಮನೆ ಸ್ವರ್ಣಾ ನದಿ ದಂಡೆಯ ಬೈಲಿನಲ್ಲಿ. 2020ರ ಸೆಪ್ಟೆಂಬರ್ 19ರ ರಾತ್ರಿ, ಶನಿವಾರ. ಆಟಿ ಕಳೆದು ಚೌತಿಯೂ ಮುಗಿದಿತ್ತು, ಇನ್ನೇನು ಮಳೆ ಹೋಯಿತು ಎಂದು ಎಲ್ಲರೂ ಅಂದುಕೊಂಡಿದ್ದ ಹೊತ್ತು. ಬೆಳಗಿನ ಜಾವ ಅಮ್ಮ ಎಬ್ಬಿಸಿದಾಗ ಚಾವಡಿಯಲ್ಲಿ ಚಪ್ಪಲಿ ತೇಲುತ್ತಿತ್ತು. ಕರೆಂಟಿಲ್ಲ. ಅಜ್ಜಿಯನ್ನು ಅಕ್ಕಿ ಮುಡಿ ಇಡುವ ಅಟ್ಟಕ್ಕೆ ಹತ್ತಿಸಿದೆವು, ಅವರು ಮಾತ್ರೆ ಡಬ್ಬಿ ಕೆಳಗೇ ಉಳಿಯಿತು ಎಂದು ಬೈಯುತ್ತಲೇ ಇದ್ದರು. ನಾನು ಪಂಚಾಯತ್‌ಗೆ ಫೋನ್ ಮಾಡಿದೆ. ಯಾವ ಪಂಚಾಯತ್ ಎಂದು ಬೇಡ. ಫೋನ್ ಎತ್ತಿದವರು ಪಾಪ ಒಳ್ಳೆಯವರೇ, ಅವರ ಮನೆ ಅಂಗಳಕ್ಕೂ ನೀರು ಬಂದಿತ್ತು. ದೋಣಿಯವರ ನಂಬರ್ ಪಟ್ಟಿ ಇದೆ ಎಂದು ಮೂರು ನಂಬರ್ ಕೊಟ್ಟರು. ಒಂದು ಸ್ವಿಚ್ ಆಫ್. ಇನ್ನೊಂದು ಬೇರೆ ಯಾರಿಗೋ ಹೋಯಿತು, ಅವರು ಬೆಂಗಳೂರಿನಲ್ಲಿದ್ದರು. ಮೂರನೆಯವರು ಎತ್ತಿದರು, 'ದೋಣಿ ಮಾರಿ ಎರಡು ವರ್ಷ ಆಯ್ತು ಮಾರಾಯ' ಎಂದರು.

ಕೊನೆಗೆ ಬಂದದ್ದು ಮರಳು ತೆಗೆಯುವ ದೋಣಿ. ಕೆಳಗಿನ ಮನೆಯ ಅಣ್ಣ ಯಾರೂ ಹೇಳದೆ ತಾನೇ ಬಿಚ್ಚಿಕೊಂಡು ಬಂದಿದ್ದ. ಉದ್ದ ಬಿದಿರಿನ ಜಲ್ಲೆ ಹಾಕಿ ತಳ ನೋಡುತ್ತಾ, ಎಲ್ಲಿ ಗದ್ದೆಯ ಅಂಚು, ಎಲ್ಲಿ ತೋಡು ಎಂದು ಗೊತ್ತಿದ್ದರಿಂದ ತೆಂಗಿನ ಮರಗಳ ಸಾಲು ಹಿಡಿದೇ ಮನೆ ಮನೆಗೆ ಹೋಗುತ್ತಿದ್ದ. ಆಮೇಲೆ ಅಗ್ನಿಶಾಮಕದವರೂ ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆಯವರೂ (ಎನ್‌ಡಿಆರ್‌ಎಫ್) ಜಿಲ್ಲೆಯಲ್ಲಿ ತುಂಬ ಕೆಲಸ ಮಾಡಿದರು, ಅದರಲ್ಲಿ ಎರಡು ಮಾತಿಲ್ಲ. ಆದರೆ ನಮ್ಮ ರಾಜ್ಯಕ್ಕೆ ಬರುವ ಎನ್‌ಡಿಆರ್‌ಎಫ್ ಹತ್ತನೇ ಬೆಟಾಲಿಯನ್‌ನ ನೆಲೆ ವಿಜಯವಾಡದ ಕಡೆ. ತಂಡ ಎಷ್ಟೇ ಬೇಗ ಹೊರಟರೂ ಮೊದಲ ನಾಲ್ಕೈದು ಗಂಟೆ ಊರಿನವರದ್ದೇ.

ಹಾಗಾಗಿ ನಾನು ಈ ವಿಷಯ ಓದುವುದು ಹೀಗೆ. ಕಾಯ್ದೆ ಅಧಿಕಾರ ಕೊಟ್ಟದ್ದು ಡಿ.ಸಿ.ಗೆ, ನೆರೆ ಬರುವುದು ವಾರ್ಡಿಗೆ. ನಡುವೆ ಒಂದು ಅಂತರ ಇದೆ, ಅದನ್ನು ತುಂಬುವ ಕಾಗದಕ್ಕೆ ಜಿಲ್ಲಾ ಯೋಜನೆ ಎಂದು ಹೆಸರು. ಸೆಕ್ಷನ್ 31. ಯಾವ ಜಾಗಕ್ಕೆ ಯಾವ ಅಪಾಯ, ಅದನ್ನು ತಡೆಯಲು ಏನು, ಬಂದಾಗ ಯಾರು ಏನು ಮಾಡಬೇಕು ಎಂದು ಅದರಲ್ಲಿರಬೇಕು, ಪ್ರತಿ ವರ್ಷ ತಿದ್ದಬೇಕು. ಪ್ರತಿ ವರ್ಷ ಎನ್ನುವ ಎರಡು ಪದಕ್ಕೆ ಅಡಿಗೆರೆ ಹಾಕಿ. ನಮ್ಮ ದೋಣಿ ಪಟ್ಟಿಯಲ್ಲಿ ಇಲ್ಲದ್ದು ಅದೇ. ಪಟ್ಟಿ ಇತ್ತು, ತಿದ್ದಿರಲಿಲ್ಲ.

ಇನ್ನು ಸ್ಥಳೀಯ ಸಂಸ್ಥೆಗಳು. ಸೆಕ್ಷನ್ 41 ತುಂಬ ಚಿಕ್ಕದು, ಗೈಡ್‌ಗಳು ಹಾರಿಸಿಯೇ ಬಿಡುತ್ತವೆ. ಸಿಬ್ಬಂದಿಗೆ ತರಬೇತಿ ಕೊಡಿಸಬೇಕು, ಸಾಮಾನು ಬೇಕಾದಾಗ ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕು, ಕಟ್ಟುವ ಕಾಮಗಾರಿ ನಿಯಮದಂತೆ ಇರಬೇಕು, ಪರಿಹಾರ ಕೆಲಸ ಮಾಡಬೇಕು. ಓದಲು ಸಪ್ಪೆ. ಊರಿನ ಭಾಷೆಗೆ ತಂದು ನೋಡಿ: ಮೇ ತಿಂಗಳೊಳಗೆ ತೋಡಿನ ಹೂಳು ತೆಗೆಸುವುದು, ರಸ್ತೆಗೆ ವಾಲಿದ ಮರದ ಗೆಲ್ಲು ಕಡಿಸುವುದು, ಕಿಂಡಿ ಅಣೆಕಟ್ಟಿನ ಹಲಗೆ ಮಳೆಗೆ ಮೊದಲು ತೆಗೆಸುವುದು, ಮಕ್ಕಳು ದಾಟುವ ಕಾಲುಸಂಕಕ್ಕೆ ಕೈತಾಂಗು ಕಟ್ಟಿಸುವುದು. ಹಲಗೆ ತೆಗೆಯುವುದು ಒಂದು ವಾರ ತಡವಾದರೆ ಮೊದಲ ಜೋರು ಮಳೆಗೇ ಕಸ, ಬಿದಿರು, ತೆಂಗಿನ ಮಡಲು ಎಲ್ಲ ಬಂದು ಸಿಕ್ಕಿಕೊಂಡು ನೀರು ಪಕ್ಕದ ತೋಟಕ್ಕೆ ನುಗ್ಗುತ್ತದೆ. ಇದಕ್ಕೆ ಯಾರೂ ಹೆಲಿಕಾಪ್ಟರ್ ಕಳಿಸುವುದಿಲ್ಲ, ಪತ್ರಿಕೆಯಲ್ಲೂ ಬರುವುದಿಲ್ಲ, ಆದರೆ ವಿಪತ್ತು ನಿರ್ವಹಣೆಯ ಮುಕ್ಕಾಲು ಪಾಲು ಇದೇ ಎಂದು ನನ್ನ ಅಭಿಪ್ರಾಯ.

ಪಂಚಾಯತ್‌ನಲ್ಲಿ ಪಿಡಿಒ, ಕಂದಾಯದಿಂದ ಗ್ರಾಮ ಆಡಳಿತಾಧಿಕಾರಿ. ಇವರಿಬ್ಬರನ್ನು ಬೆರೆಸಬೇಡಿ. ಚರಂಡಿ, ಕಟ್ಟಡ, ಕುಡಿಯುವ ನೀರು ಪಿಡಿಒ ಕಡೆ. ಮನೆ ಬಿದ್ದರೆ ಬಂದು ನೋಡಿ ತಹಶೀಲ್ದಾರ್‌ಗೆ ವರದಿ ಕೊಡುವುದು ಗ್ರಾಮ ಆಡಳಿತಾಧಿಕಾರಿ, ಪರಿಹಾರದ ಕಡತ ಹೋಗುವುದು ಆ ದಾರಿಯಲ್ಲಿ. ಜನರನ್ನು ಸಾಗಿಸುವ ಶಾಲೆ, ಸಮುದಾಯ ಭವನಕ್ಕೆ ನಮ್ಮಲ್ಲಿ ಕಾಳಜಿ ಕೇಂದ್ರ ಎನ್ನುತ್ತಾರೆ, ಹಳೇ ಹೆಸರು ಗಂಜಿ ಕೇಂದ್ರ. ಹೆಸರು ಬದಲಾದದ್ದು ಒಳ್ಳೆಯದೇ. ನಮ್ಮ ಅಜ್ಜಿ 'ಗಂಜಿ ಕೇಂದ್ರಕ್ಕೆ ನಾನು ಬರುವುದಿಲ್ಲ' ಎಂದು ಅಟ್ಟದಲ್ಲೇ ಹಠ ಹಿಡಿದಿದ್ದರು.

ಮುನ್ಸೂಚನೆ ಬಗ್ಗೆ ಗೊಂದಲ ಜಾಸ್ತಿ ಇದೆ. ಹವಾಮಾನ ಇಲಾಖೆ ಲೆಕ್ಕದಲ್ಲಿ 24 ಗಂಟೆಗೆ 64.5ರಿಂದ 115.5 ಮಿ.ಮೀ. ಭಾರಿ ಮಳೆ, 115.6ರಿಂದ 204.4 ಅತಿ ಭಾರಿ, ಅದಕ್ಕೂ ಮೇಲೆ ಅತ್ಯಂತ ಭಾರಿ. ಬಣ್ಣ ಬೇರೆ ವಿಷಯ. ಹಳದಿ ಅಂದರೆ ಗಮನ ಇಡಿ, ಕಿತ್ತಳೆ ಅಂದರೆ ತಯಾರಾಗಿ, ಕೆಂಪು ಅಂದರೆ ಕೆಲಸಕ್ಕೆ ಇಳಿಯಿರಿ. ಅಂದರೆ ಬಣ್ಣ ಆಡಳಿತ ಏನು ಮಾಡಬೇಕು ಎಂದು ಹೇಳುತ್ತದೆ, ನಿಮ್ಮ ಮನೆಗೆ ನೀರು ಬರುತ್ತದೋ ಎಂದಲ್ಲ. ನೀರು ಬರುವುದಕ್ಕೆ ಇನ್ನೊಂದು ಲೆಕ್ಕ ಬೇಕು. ಕರಾವಳಿಯಲ್ಲಿ ಅದು ಕಡಲಿನ ಉಬ್ಬರ. ಸ್ವರ್ಣಾ ಇರಲಿ, ನೇತ್ರಾವತಿ ಇರಲಿ, ಘಟ್ಟದಿಂದ ಇಳಿದ ನೀರು ಅಳಿವೆಗೆ ಮುಟ್ಟುವ ಹೊತ್ತಿಗೆ ಉಬ್ಬರ ಇದ್ದರೆ ಸಮುದ್ರ ಅದನ್ನು ಒಳಗೆ ಬಿಡುವುದಿಲ್ಲ, ನದಿ ಹಿಂದಕ್ಕೆ ತುಂಬಿಕೊಳ್ಳುತ್ತದೆ. ಅದೇ ಮಳೆ, ಇಳಿತದ ಹೊತ್ತಿಗೆ ಬಂದರೆ ಅರ್ಧ ಹಾನಿ. ಮೀನುಗಾರರಿಗೆ ಗೊತ್ತಿರುವ ಈ ವಿಷಯ ಕಚೇರಿಯ ಗೋಡೆಯಲ್ಲಿ ಮಳೆ ಪಟ್ಟಿಯ ಪಕ್ಕ ತೂಗಿರಬೇಕಿತ್ತು. ಮಳೆ ಅಳೆಯುವ ಕೆಲಸ ಕೆಎಸ್‌ಎನ್‌ಡಿಎಂಸಿಯದ್ದು (ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ), 1988ರಲ್ಲಿ ಬರ ನೋಡಿಕೊಳ್ಳಲು ಶುರುವಾದ ಸಂಸ್ಥೆ. ಅದರ ಮಳೆಮಾಪಕ ಈಗ ಗ್ರಾಮ ಪಂಚಾಯತ್ ಮಟ್ಟಕ್ಕೆ ಬಂದಿದೆ.

ಇನ್ಸಿಡೆಂಟ್ ರೆಸ್ಪಾನ್ಸ್ ಸಿಸ್ಟಮ್ ಎಂದು ಒಂದು ಬರುತ್ತದೆ, ಅಂದರೆ ವಿಪತ್ತಿನ ಹೊತ್ತಿಗೆ ಯಾರು ಯಾವ ಕೆಲಸ ನೋಡಬೇಕು ಎನ್ನುವ ವ್ಯವಸ್ಥೆ, ರಾಷ್ಟ್ರೀಯ ಪ್ರಾಧಿಕಾರದ 2010ರ ಮಾರ್ಗಸೂಚಿ. ದೊಡ್ಡ ಮದುವೆ ಊಟ ನೆನೆಸಿಕೊಳ್ಳಿ. ಬಡಿಸುವವರು, ಲೆಕ್ಕ ಹಾಕಿ ಯೋಜಿಸುವವರು, ಸಾಮಾನು ತರಿಸುವವರು ಬೇರೆ ಬೇರೆ, ಎಲ್ಲರೂ ಒಬ್ಬ ಯಜಮಾನನ ಮಾತು ಕೇಳಬೇಕು. ಇಲ್ಲಿ ಆ ಮೂವರು ಕಾರ್ಯಾಚರಣೆ, ಯೋಜನೆ, ಸರಬರಾಜು ವಿಭಾಗಗಳು, ಯಜಮಾನ ಇನ್ಸಿಡೆಂಟ್ ಕಮಾಂಡರ್. ಅಷ್ಟು ನೆನಪಿದ್ದರೆ ಐದು ಅಂಕಕ್ಕೆ ಸಾಕು.

ಮಂಗಳೂರಿನವರು ಒಂದು ಹೆಚ್ಚುವರಿ ಅಧ್ಯಾಯ ಓದಬೇಕು. ಪಣಂಬೂರು, ಬೈಕಂಪಾಡಿ ಕಡೆ ಬಂದರು, ತೈಲ, ಗೊಬ್ಬರ, ಗ್ಯಾಸ್ ಎಲ್ಲ ಒಂದೇ ಸಾಲಿನಲ್ಲಿದೆ. ಇದಕ್ಕೆ ರಾಸಾಯನಿಕ ಅಪಘಾತಗಳ 1996ರ ನಿಯಮ. ಬೇಲಿಯೊಳಗಿನ ತುರ್ತು ಯೋಜನೆ ಕಾರ್ಖಾನೆಯವರದ್ದು, ಬೇಲಿ ದಾಟಿದರೆ ಜಿಲ್ಲಾಡಳಿತದ್ದು. ಆದರೆ ಟ್ಯಾಂಕರ್ ಹೆದ್ದಾರಿಗೆ ಇಳಿದ ಮೇಲೆ? 2013ರಲ್ಲಿ ಉಪ್ಪಿನಂಗಡಿ ಹತ್ತಿರದ ಪೆರ್ನೆಯಲ್ಲಿ ಗ್ಯಾಸ್ ಟ್ಯಾಂಕರ್ ಮಗುಚಿ ಬೆಂಕಿ ಹತ್ತಿ ಜನ ಸತ್ತರು. ರಸ್ತೆಗೆ ಬೇಲಿ ಇಲ್ಲ. ಅಲ್ಲಿ ಮೊದಲು ತಲುಪುವುದು ಪಕ್ಕದ ಅಂಗಡಿಯವರು, ಅವರಿಗೆ ಗೊತ್ತಿರಬೇಕಾದದ್ದು ಒಲೆ ಆರಿಸಿ, ಸ್ವಿಚ್ ಮುಟ್ಟಬೇಡಿ, ಬೈಕ್ ಸ್ಟಾರ್ಟ್ ಮಾಡಬೇಡಿ, ಗಾಳಿ ಬರುವ ದಿಕ್ಕಿಗೆ ನಡೆದು ದೂರ ಹೋಗಿ, 112ಕ್ಕೆ ಕರೆ ಮಾಡಿ.

2025ರ ತಿದ್ದುಪಡಿ ಈ ಸಲ ಕೇಳಿಯೇ ಕೇಳುತ್ತಾರೆ. ರಾಜ್ಯದ ರಾಜಧಾನಿಗೂ ಮಹಾನಗರ ಪಾಲಿಕೆ ಇರುವ ನಗರಗಳಿಗೂ ಪ್ರತ್ಯೇಕ ನಗರ ವಿಪತ್ತು ನಿರ್ವಹಣಾ ಪ್ರಾಧಿಕಾರ ಮಾಡಬಹುದು, ಅಧ್ಯಕ್ಷರು ಪಾಲಿಕೆ ಆಯುಕ್ತರು. ಮಂಗಳೂರು ಮಹಾನಗರ ಪಾಲಿಕೆ, ಹಾಗಾಗಿ ಒಳಗೆ. ನಗರಸಭೆ ಇರುವ ಊರುಗಳಿಗೆ ಈ ಅವಕಾಶ ಇಲ್ಲ. ಕೊಟ್ಟಾರ ಚೌಕಿಯಲ್ಲಿ, ಪಂಪ್‌ವೆಲ್‌ನಲ್ಲಿ ನೀರು ನಿಲ್ಲುವುದು ನದಿ ಉಕ್ಕಿ ಅಲ್ಲ, ರಾಜಕಾಲುವೆ ಸಾಲದೆ. ಅದು ಪಾಲಿಕೆಯ ಕೆಲಸ, ಅಧಿಕಾರವೂ ಅಲ್ಲೇ ಇರಲಿ ಎನ್ನುವುದು ಸರಿಯಾಗಿಯೇ ಇದೆ.

ದುಡ್ಡಿನ ವಿಷಯ. ರಾಜ್ಯ ವಿಪತ್ತು ಸ್ಪಂದನಾ ನಿಧಿಗೆ ನಮ್ಮಂಥ ರಾಜ್ಯಕ್ಕೆ ಕೇಂದ್ರದ ಪಾಲು 75, ರಾಜ್ಯದ್ದು 25. 15ನೇ ಹಣಕಾಸು ಆಯೋಗ ಒಟ್ಟು ಹಣದಲ್ಲಿ ಶೇ. 80 ಸ್ಪಂದನೆಗೆ, ಶೇ. 20 ತಡೆಗಟ್ಟುವುದಕ್ಕೆ ಎಂದು ಹಂಚಿತು. ಕೇಂದ್ರದ ಪಟ್ಟಿಯಲ್ಲಿರುವ ವಿಪತ್ತುಗಳು: ನೆರೆ, ಚಂಡಮಾರುತ, ಬರ, ಭೂಕುಸಿತ, ಹಿಮಕುಸಿತ ಹೀಗೆ. ಹಿಮಕುಸಿತ ಇದೆ, ಉಳ್ಳಾಲ, ಸೋಮೇಶ್ವರದವರು ಪ್ರತಿ ಮಳೆಗಾಲ ನೋಡುವ ಕಡಲ್ಕೊರೆತ ಇಲ್ಲ! ಪಟ್ಟಿಯಲ್ಲಿ ಇಲ್ಲದ್ದನ್ನು ರಾಜ್ಯವೇ ಸ್ಥಳೀಯ ವಿಪತ್ತು ಎಂದು ಘೋಷಿಸಿ ನಿಧಿಯ ಶೇ. 10ರವರೆಗೆ ಖರ್ಚು ಮಾಡಬಹುದು. ನಮ್ಮ ಕಡೆಯ ಉದಾಹರಣೆ ಕೊಡಿ ಎಂದರೆ ಇದನ್ನೇ ಬರೆಯಿರಿ.

ಕಳೆದ ಮೇ ತಿಂಗಳಲ್ಲಿ ಊರಿಗೆ ಹೋದಾಗ ಪಂಚಾಯತ್‌ಗೆ ಹೋಗಿ ಪಟ್ಟಿ ತೋರಿಸಿ ಎಂದೆ. ಈಗ ಗೋಡೆಗೆ ಅಂಟಿಸಿದ್ದಾರೆ, ಮೇಲೆ ಜಿಲ್ಲಾ ಕಂಟ್ರೋಲ್ ರೂಮಿನ 1077 ದಪ್ಪ ಅಕ್ಷರದಲ್ಲಿದೆ. ದೋಣಿಯವರ ಸಾಲಿನಲ್ಲಿ ನಾಲ್ಕು ಹೆಸರು. ಮರಳು ದೋಣಿಯ ಅಣ್ಣನ ಹೆಸರು ಇರಲಿಲ್ಲ. ಅಲ್ಲಿದ್ದ ಅಕ್ಕನಿಗೆ ಹೇಳಿದೆ. ಅವರು ಪೆನ್ನು ತೆಗೆದು ಕೈಯಲ್ಲೇ ಐದನೇ ಸಾಲು ಸೇರಿಸಿದರು, ಆಮೇಲೆ ನನ್ನ ಎದುರಿಗೇ ಆ ನಂಬರಿಗೆ ಫೋನ್ ಮಾಡಿ 'ಅಣ್ಣ, ಇದು ನಿಮ್ಮದೇ ಅಲ್ವಾ?' ಎಂದು ಕೇಳಿದರು.